ಮೂಡಲು, ಪಡುವಲು

ಮೊದಲ ರಾತ್ರಿ ಗುರುಗ್ರಹ ಕೇಳಿದೆ.
ದೂರದರ್ಶಕ ಜುಯ್ ಎಂದು ತಿರುಗಿ, ತಿರುಗಿ
ಎದುರು ಮನೆಯ ಸಿಂಟೆಕ್ಸಿಗೆ ಮೂತಿಯಿಟ್ಟು ನಿಂತಿತು.
ಬೀಪ್.

ರೇಖಾಂಶದ ಪಕ್ಕ ಪಶ್ಚಿಮ ಎಂದಿತ್ತು.
ಬೈಯಲಾರೆ. ಮೂಡಲಪಾಳ್ಯ ಅಂತ ಹೆಸರಿಟ್ಟುಕೊಂಡು
ಬೆಂಗಳೂರಿನ ಪಡುವಣಕ್ಕೆ ಕೂತಿರುವವರು ನಾವು.

ಎರಡನೆಯ ರಾತ್ರಿ ತಾರೀಖು.
ಫೆಬ್ರವರಿ ಮೂರು ಅಂದರೆ ಅದಕ್ಕೆ ಮಾರ್ಚ್ ಎರಡು.
ಇನ್ನೂ ಬಾರದ ಆಕಾಶದಲ್ಲಿ ಹುಡುಕುತ್ತಿತ್ತು, ಪಾಪ.

ಪೀಣ್ಯದಲ್ಲಿ ಹೊಲಿಗೆ ಮಿಷನ್ನು ರಿಪೇರಿ ಮಾಡುವವನು ನಾನು,
ಹಲ್ಲುಚಕ್ರದ ಸಡಿಲ ಬೆರಳಿಗೇ ತಿಳಿಯುತ್ತದೆ.
ಬಿಚ್ಚಿದೆ, ಗ್ರೀಸ್ ಹಚ್ಚಿದೆ,
ಮುಕ್ಕಾಲಿಯ ಒಂದು ಕಾಲಡಿಗೆ ಟೈಲ್ಸಿನ ಚೂರು ತುರುಕಿ
ರಸಮಟ್ಟದ ಗುಳ್ಳೆಯನ್ನು ನಡುವಿಗೆ ತಂದೆ.
ಮೂರನೆಯ ರಾತ್ರಿಯೂ ನಾಲ್ಕು ಬೆರಳು ಆಚೆ.

ಒಣಗಿದ ಬಟ್ಟೆ ತೆಗೆಯಲು ಬಂದ ಕೆಳಮನೆಯ ಜಬೀನಾ
ಕ್ಲಿಪ್ಪು ಹಲ್ಲಲ್ಲಿ ಕಚ್ಚಿಕೊಂಡೇ ಕೇಳಿದಳು:
"ಯಾವುದನ್ನ ರೋಹಿಣಿ ಅಂತ ಹೇಳಿದ್ರಿ ಅಂಕಲ್?"
ತೋರಿಸಿದೆ. ಕೆಂಪಗಿದ್ದದ್ದು.
"ಅದು ಮಿನುಗ್ತಾನೇ ಇಲ್ವಲ್ಲ. ಮಂಗಳ ಅದು."

ಪರದೆಯ ಮೇಲೆ ಆಗಲೂ ಇತ್ತು: ಹೊಂದಾಣಿಕೆ ಯಶಸ್ವಿ.
ನಾನು ಹೇಳಿದ್ದನ್ನೆಲ್ಲ ನಂಬಿಬಿಟ್ಟಿತ್ತು.
ಮನೆಯಲ್ಲಿ ಯಾರೂ ಇಷ್ಟು ನಂಬಿದ್ದಿಲ್ಲ.

ಆಫ್ ಮಾಡಿ ಆನ್ ಮಾಡಿದೆ.
ಅವಳು ಬೆರಳು ಚಾಚಿದ ಕಡೆಗೆ ಅದರ ಕತ್ತು ಹೊರಳಿಸಿದೆ,
ರೋಹಿಣಿ, ಆಮೇಲೆ ಲುಬ್ಧಕ,
ಆಮೇಲೆ ಗುರು. ಜುಯ್.

ಬಕೆಟ್ಟು ಕೆಳಗಿಟ್ಟು ಮೊದಲು ಬಗ್ಗಿದವಳು ಅವಳೇ.
"ಪಕ್ಕದಲ್ಲಿ ಚುಕ್ಕಿಗಳು, ಒಂದೇ ಗೆರೆ. ಮೂರೇ ಇವೆ."
ನಾಲ್ಕಿರಬೇಕು, ಅಂದೆ.
ನಾನೂ ನೋಡಿದೆ: ನೇರ, ಬಿಳಿ ದಾರ,
ನಡುವೆ ಎಲ್ಲೋ ಒಂದು ಹೊಲಿಗೆ ಹಾರಿದೆ.

ಸ್ಕ್ರೂಡ್ರೈವರಿಗೆ ಹೋದ ಕೈಯನ್ನು
ಜೇಬಿಗೆ ಇಳಿಬಿಟ್ಟೆ.