ಮುದ್ದೆಮಾಲು ಆರು

ಪುರಾವೆಯ ಭಾರ ಸರ್ಕಾರದ್ದು ಎನ್ನುತ್ತಾರೆ ವಕೀಲರು.
ಚೀಲ ಹೊತ್ತು ಮೆಟ್ಟಿಲು ಹತ್ತುವವ ನಾನು.
ಕಲಬುರಗಿ ಕೋರ್ಟಿನ ಹಿಂದಿನ ಕೋಣೆ, ತಗಡಿನ ಕಪಾಟು,
ಅರಗಿನ ಮುದ್ರೆ ತಾನೇ ಮೆತ್ತಗಾಗುವಂಥ ಏಪ್ರಿಲ್.

ಒಂದು: ಅಂಗೈಯಗಲದ ಫರ್ಸಿ ಕಲ್ಲು. ಕಂದು ಕಲೆ.
ಮನುಷ್ಯನ ರಕ್ತವೇ, ಯಾವ ಗುಂಪಿನದೋ ತಿಳಿಯದು
ಎಂದಿದೆ ಪ್ರಯೋಗಾಲಯದ ಕಾಗದ.
ಎರಡು: ಎಡಗಾಲಿನ ಚಪ್ಪಲಿ.
ಬಲಗಾಲಿನದನ್ನು ಖಣಿಯ ನೀರು ಕೊಡಲಿಲ್ಲ.
ಮೂರು, ನಾಲ್ಕು: ಸೀಸೆಯಲ್ಲಿ ಮಣ್ಣು,
ರಕ್ತ ತಾಗಿದ್ದು, ತಾಗದ್ದು.
ಚೀಟಿ ಉದುರಿದ ಮೇಲೆ ಎರಡೂ ಬರೀ ಮಣ್ಣು.
ಐದು: ಚೌಕಳಿ ಟವೆಲ್ಲು.
ಆರು: ಸ್ಟೀಲಿನ ಡಬ್ಬಿ, ಮುಚ್ಚಳ ಸಹಿತ.

ಡಬ್ಬಿಯ ಬದಿಗೆ ಚುಕ್ಕೆ ಚುಕ್ಕೆ ಕೊರೆದು ಬರೆದಿತ್ತು:
ನಿಂಗಮ್ಮ ಗಂಡ ಜಟ್ಟೆಪ್ಪ.

ಜಟ್ಟೆಪ್ಪ ಶಹಾಬಾದಿನ ಹಾಳು ಖಣಿಯಲ್ಲಿ ತೇಲಿದ.
ಡಬ್ಬಿ ಮೋನಪ್ಪನ ಮನೆಯ ಗೂಡಿನಲ್ಲಿ ಸಿಕ್ಕಿತು.
ಇಬ್ಬರೂ ಕೂಡಿ ಹೋದದ್ದನ್ನು ಕೊನೆಗೆ ಕಂಡವ
ಚಹಾದಂಗಡಿಯ ಮಹಿಬೂಬ ಪಟೇಲ.
"ಸಂಜಿ ಆಗಿತ್ರಿ. ದೀಪ ಹಚ್ಚಿದ್ದಿಲ್ಲ."
ಮತ್ತೆ ಕೇಳಿದರು.
"ಬೆನ್ನು ಕಂಡಿದ್ದು ಖರೆ ರೀ.
ಬೆನ್ನಿನ ಮ್ಯಾಲ ಹೆಸರು ಬರ್ದಿರಂಗಿಲ್ಲ."

ಆಗ ಸರ್ಕಾರಿ ವಕೀಲರು ಡಬ್ಬಿ ಎತ್ತಿ ಹಿಡಿದರು,
ಕಿಟಕಿಯ ಬಿಸಿಲು ಅದಕ್ಕೆ ಬಡಿದು
ಸಾಹೇಬರ ಕಣ್ಣು ಮುಚ್ಚಿಸಿತು.
ಸತ್ತವನ ಮನೆಯ ಹೆಸರು, ಆರೋಪಿಯ ಮನೆಯಲ್ಲಿ.
ಸರಪಳಿಯ ಕೊನೆಯ ಕೊಂಡಿ ಎಂದರು.

ಮೋನಪ್ಪನಿಗೆ ಪುಕ್ಕಟೆ ನೇಮಿಸಿದ ವಕೀಲೆ, ಸಬೀಹಾ ಮೇಡಂ,
ಪಂಚ ಸಾಕ್ಷಿಯನ್ನು ಒಂದೇ ಮಾತು ಕೇಳಿದರು:
"ನಿಮ್ಮ ಮನ್ಯಾಗ ಬ್ಯಾರೆಯವರ ಹೆಸರಿನ ಭಾಂಡಿ ಎಷ್ಟವ?"
ಆತ ಬೆರಳೆಣಿಸಿದ. ಬೆರಳು ಸಾಲದೆ ನಕ್ಕುಬಿಟ್ಟ.
ನಗು ದಾಖಲಾಗಲಿಲ್ಲ.
ಟೈಪಿಸ್ಟು ಕೀಲಿಯ ಮೇಲೆ ಬೆರಳಿಟ್ಟು ಕಾದಳು.

ಆ ರಾತ್ರಿ ನನ್ನ ಅಡಿಗೆಮನೆಯಲ್ಲಿ
ಒಂದೊಂದೇ ತಾಟು ತಿರುವಿ ನೋಡಿದೆ.
ಸೇಡಂನಲ್ಲಿ ಯಾರದೋ ಮದುವೆ,
ಯಾರದೋ ತೀರಿಹೋದ ತಾಯಿಯ ನೆನಪು.
ಒಂದು ಚರಿಗೆಯ ಕೊರಳಲ್ಲಿ ಬರೀ 'ಲಕ್ಕಮ್ಮ'.
ಲಕ್ಕಮ್ಮ ಯಾರು? ಹೆಂಡತಿಗೂ ಗೊತ್ತಿಲ್ಲ.
ನಾಳೆ ಎಲ್ಲೋ ಒಬ್ಬ ಲಕ್ಕಮ್ಮ ಹೆಣವಾದರೆ
ಈ ಚರಿಗೆಯ ಬಗ್ಗೆ ಏನೆಂದು ಬಾಯಿಬಿಡಲಿ?
ಬಾಯಿ ಬಿಡದಿದ್ದರೆ ಅದೂ ಒಂದು ಕೊಂಡಿಯೇ?

ತೀರ್ಪಿಗೆ ಹನ್ನೆರಡು ನಿಮಿಷ.
ಸಂಶಯದ ಲಾಭ ನೀಡಿ ಬಿಡುಗಡೆ.
ಲಾಭ ಎಂಬುದನ್ನು ತೊಗರಿ ಬಜಾರಿನಲ್ಲಿ ಕೇಳಿ ಬಲ್ಲೆ.
ನಾಲ್ಕು ವರ್ಷ ಜೈಲಿನ ಸಾರು ಉಂಡವನ ಮುಖದಲ್ಲಿ
ಅದನ್ನು ಹುಡುಕಿದೆ. ಅವನು ಗಡಿಯಾರ ನೋಡುತ್ತಿದ್ದ.
ಹಿಂದಿನ ಬೆಂಚಿನಿಂದ ನಿಂಗಮ್ಮ ಎದ್ದಳು:
"ಹಂಗಾರ, ಯಾರ್ರಿ?"
ಜವಾನ ಅವಳನ್ನು ಕೂರಿಸಿದ.
ಆ ಪ್ರಶ್ನೆ ಆ ಮೊಕದ್ದಮೆಯಲ್ಲಿ ಇರಲಿಲ್ಲ.

ಮೇಲ್ಮನವಿಯ ಅವಧಿ ಮುಗಿದು ನಿಂಗಮ್ಮ ಬಂದಳು.
ಹೆಬ್ಬೆಟ್ಟು ಒತ್ತಿ, ತಲೆಗೆ ಒರೆಸಿಕೊಂಡು,
ಡಬ್ಬಿಯನ್ನು ತಿರುವಿ ತಿರುವಿ ನೋಡಿ
"ಡಬ್ಬಿ ನಂದ್ರಿ. ಮುಚ್ಚಳ ನಂದಲ್ಲ."

ಮುಚ್ಚಳದ ಒಳಬದಿಗೆ ಬೂದಿ ಹಚ್ಚಿ ಉಜ್ಜಿ ಸವೆದ
ನಾಲ್ಕೈದು ಚುಕ್ಕೆ.
ಯಾವ ಅಕ್ಷರವೆಂದು ಪ್ರಮಾಣ ಮಾಡಿ ಹೇಳಲಾರೆ.
"ಅವರ್ದಿರಬೇಕು. ಆಕಿ ಬಂದ್ರ ಕೊಡ್ರಿ."

ನಾಲ್ಕು ವರ್ಷ ಅದು ನನ್ನ ಕಪಾಟಿನಲ್ಲೇ ಇತ್ತು.
ಮುಚ್ಚಳ ಯಾರದೆಂದು ಒಬ್ಬರೂ ಕೇಳಲಿಲ್ಲ.
ಕೇಳಿದ್ದರೆ ಕೊಂಡಿ ಕೂಡುತ್ತಿತ್ತೋ, ಕಡಿಯುತ್ತಿತ್ತೋ;
ಅನ್ನ ಕೊಟ್ಟು ತಂದ ಎರಡು ಮನೆಗಳೆಂದು
ಅಷ್ಟೇ ತಿಳಿಯುತ್ತಿತ್ತೋ ಏನೋ.

ಅವಳು ಡಬ್ಬಿಯ ಬಾಯಿಗೆ ಸೆರಗು ಹೊದಿಸಿ ಹೊರಟಳು.
ನನ್ನ ವಹಿಯಲ್ಲಿ ಅರ್ಧಕ್ಕೆ ಕಾಲಂ ಇಲ್ಲ.
ಆರು: ಹಿಂತಿರುಗಿಸಲಾಗಿದೆ, ಎಂದು ಬರೆದೆ.

ಮೋನಪ್ಪನ ಮನೆಯಿಂದ ಯಾರೂ ಬಂದಿಲ್ಲ.
ಮಧ್ಯಾಹ್ನ ಚಹಾ ಬಂದಾಗ
ನೊಣ ಕೂರದಿರಲೆಂದು ಲೋಟಕ್ಕೆ
ಆ ಮುಚ್ಚಳವನ್ನೇ ಮುಚ್ಚುತ್ತೇನೆ.