ಒಂದಽ ಗಂಟಿ

ಮೂವತ್ತೊಂದು ವರ್ಷ ಎಸ್.ಟಿ. ಓಡಿಸಿದರು ಇವರು,
ಅಕ್ಕಲಕೋಟ ಡಿಪೋದ ಡ್ರೈವರ್ ಧೂಳಪ್ಪ.
ಚಹಾದಂಗಡಿಯವ ಇವರನ್ನ ನೋಡಿ ಗಡಿಯಾರ ತಿದ್ದತಿದ್ದ.
ಪುಣೆಗೆ ಹೋಗೂ ದಾರಿ, ಉಜನಿಯ ಹಿನ್ನೀರ ಬಗಲಾಗ
ಎಷ್ಟು ಸಾವಿರ ಸಲ ಹಾದಾರೋ.
"ನೀರು ನೋಡೀರೇನು?" ಅಂತ ಕೇಳಿದೆ ಒಮ್ಮೆ.
"ರಸ್ತಾ ನೋಡೀನಿ" ಅಂದರು.

ಹಂಗಾಗಿ ಈ ಮಾರ್ಚದಾಗ ಹಳೇ ಓಮ್ನಿ ತಗೊಂಡು ಹೊಂಟಿವಿ.
ಹಿಂದಿನ ಸೀಟು ಕಿತ್ತು ಹಾಸಿಗಿ ಮಾಡೀವಿ,
ಸ್ಟೋ ಒಂದು, ಸೋಲಾಪುರದ ಚಾದರ ಎರಡು,
ಸ್ಟೀಲಿನ ಡಬ್ಬಿಯೊಳಗ ಐವತ್ತು ಕಡಕ ರೊಟ್ಟಿ, ಶೇಂಗಾ ಹಿಂಡಿ,
ಮತ್ತ ಯಾವನೋ ಕಾಲೇಜ ಹುಡುಗ ಅರ್ಧ ರೇಟಿಗೆ ಕೊಟ್ಟ ತಂಬು.
ಅದರ ಕಡ್ಡಿ ಒಂದು ಕಡಿಮಿ ಇದ್ದದ್ದು
ಕರಮಾಳ ದಾಟಿದ ಮ್ಯಾಲ ಗೊತ್ತಾತು.

ಮೊದಲನೇ ದಿನ ಎಲ್ಲೂ ನಿಲ್ಲಲಿಲ್ಲ.
ನೀರು ಬಂತು, ಹೋತು, ಮತ್ತ ಬಂತು,
ಕಬ್ಬಿನ ಸಂದಿಯೊಳಗ ಬೆಳ್ಳಗ ಮಿಂಚಿ ಸೆರಗು ಹೊತ್ತುಕೊಂಡಿತು.
"ಇಲ್ಲೆ ಚಂದ ಐತಿ" ಅಂದೆ.
"ಮುಂದ ಇನ್ನೂ ಚಂದ ಇರತೈತಿ."
ಆವಾಗ ತಿಳೀತು ನನಗ:
ಇವರನ್ನ ನಿಲ್ಲಸೂ ಮನಷಾ ಯಾವತ್ತೂ ಹಿಂದ ಇರತಿದ್ದ,
ಕೈಯಾಗ ಗಂಟಿ ಹಗ್ಗ ಹಿಡಕೊಂಡು.
ಒಂದು ಸಲ ಜಗ್ಗಿದರ ನಿಲ್ಲು, ಎರಡು ಸಲ ಜಗ್ಗಿದರ ನಡಿ.
ರೊಟ್ಟಿ ಡಬ್ಬಿ ತೊಡಿಮ್ಯಾಲ ತಗೊಂಡೆ,
ಚಮಚದಿಂದ ಬಾರಿಸಿದೆ. ಟಣ್.
ಗಾಡಿ ನಿಂತಿತು.
ಯಾಕ ನಿಂತಿತು ಅಂತ ಇವರಿಗೂ ತಿಳೀಲಿಲ್ಲ.

ಅದು ಮೀನಗಾರರ ದಂಡಿ.
ಗುಲಾಬಿ ಕಾಲಿನ ಹಕ್ಕಿ ಸಾಲು ಹಿಡದು
ತಲಿ ತೆಳಗ ಮಾಡಿ ಕೆಸರು ಜಾಲಾಡತಿದ್ದವು.
ನಾನು ರಾಜಹಂಸ ಅಂದೆ, ಮೀನದ ಮುದುಕ ರೋಹಿತ ಅಂದ,
ಇವರು ಅಂದರು, "ನಡಿಗಿ ನೋಡು, ಫಸ್ಟ್ ಗೇರ್."

ತಂಬು ಹೂಡೂದರಾಗ ಜಗಳಾತು, ಸಣ್ಣದು.
ಇಲ್ಲದ ಕಡ್ಡಿಯ ಜಾಗಕ್ಕ ನನ್ನ ಛತ್ರಿ ಹೋತು.
ರಾತ್ರಿ ಗಾಳಿ ಎದ್ದು ಛತ್ರಿ ಒಳಗಽ ಬಿಚ್ಚಿಕೊಂಡು
ತಂಬು ತುಂಬಿದ ಬಸುರಿಯಂಗ ಉಬ್ಬಿತು.
ದುಧನಿ ದವಾಖಾನಿಯಾಗ ಇಪ್ಪತ್ತೆಂಟು ವರ್ಷ
ಅಪರಾತ್ರಿ ಎದ್ದು ಬಾಣಂತನ ಮಾಡಿಸಿದಾಕಿ ನಾನು.
"ಎಷ್ಟು ತಿಂಗಳು, ನರ್ಸಬಾಯಿ?" ಅಂತ ಕತ್ತಲದಾಗ ಕೇಳಿದರು.
"ತಿಂಗಳಲ್ರಿ, ಈಗಽ ಆಗತೈತಿ, ನೀರು ಕಾಸ್ರಿ."
ಸೊಂಟ ಹಿಡಕೊಂಡು ನಕ್ಕಿವಿ,
ನಗೂದರಾಗ ತಂಬು ಹಾರಿ ಜಾಲಿಗೆ ಸಿಕ್ಕಿತು.
ಗಾಡಿಯಾಗಽ ಮಲಗಿದಿವಿ.

ಮಲಗೂಕಿಂತ ಮೊದಲ ಮುದುಕ ಬೀಡಿ ಹಚ್ಚಾಕ ಬಂದಿದ್ದ.
ಮರಾಠಿಯೊಳಗ ಹೇಳಿದ:
ಅಲ್ಲಿ, ಆ ಗೂಟದ ಆಚೆ, ನೀರಿನ ತೆಳಗ ನಮ್ಮೂರು.
ಡ್ಯಾಮು ಕಟ್ಟೂಕಿಂತ ಮೊದಲ ದಿನಕ್ಕೊಂದು ಎಸ್.ಟಿ. ಬರತಿತ್ತು,
ಬೇವಿನ ಗಿಡದ ಬುಡಕ ನಿಲ್ಲತಿತ್ತು.
ಇವರು ಕೇಳಿದ್ದು ಒಂದಽ ಮಾತು: "ಎಷ್ಟಕ್ಕ?"
"ಮುಂಜಾನಿ ಆರೂ ಇಪ್ಪತ್ತು. ಯಾವಾಗಲೂ ತಡಾ."

ನಸುಕಿನ್ಯಾಗ ಎಚ್ಚರಾತು, ಬಗಲಾಗ ಹಾಸಿಗಿ ತಣ್ಣಗ.
ಪಾಯಿಜಮಾ ಮ್ಯಾಲ ಮಡಚಿ ಮೊಣಕಾಲ ಮಟ ನೀರಾಗ ನಿಂತಾರ,
ಗೂಟದ ಕಡೆ ಮಾರಿ, ಗಡಿಯಾರದ ಮ್ಯಾಲ ಕಣ್ಣು.
ಆರೂ ಇಪ್ಪತ್ತಾತು. ಆರೂ ಇಪ್ಪತ್ತೈದು.
ನೀರುಕಾಗಿ ಒಂದು ಗೂಟದ ಮ್ಯಾಲ ಇಳಿದು
ರೆಕ್ಕಿ ಹರವಿ ಒಣಗಹಾಕಿತು.
"ತಡಾ ಐತಿ" ಅಂದರು, ತಿರುಗಿ ನೋಡದಽ.

ಸೀರಿ ಎತ್ತಿಕಟ್ಟಿ ಹೋಗಿ ಬಾಜೂಕ ನಿಂತೆ.
ಕಾಲಿನ ತೆಳಗ ಕೆಸರು, ಕೆಸರಿನ ತೆಳಗ ಏನೋ ಗಟ್ಟಿ.
ರಸ್ತಾನೂ ಇರಬಹುದು.
"ಈ ನೀರು ಬಿಟ್ಟರ ಎಂಟು ದಿನದಾಗ ನಮ್ಮ ಹಿಳ್ಳಿ ದಾಟತೈತಿ,
ಭೀಮವ್ವ ಆಗಿ" ಅಂದರು.
"ನಾವು ಮೊದಲ ಮುಟ್ಟತೀವೋ, ಅದೋ?"
"ಅದಽ ಹೋಗಲಿ ಬಿಡು, ಸುಗಲಾ."

ಇವತ್ತು ಸೋಮವಾರೋ ಮಂಗಳವಾರೋ.
ಡಬ್ಬಿ ನನ್ನ ಕಡೆ ಐತಿ, ಚಮಚನೂ.
ಒಳಗ ಇನ್ನೂ ಮೂವತ್ತು ರೊಟ್ಟಿ ಅದಾವ.