ಓದು ಬಾರದ ಕಾವಲುಗಾರನಿಗೆ

ಟ್ರಾಂಡ್‌ಹೈಮಿನಲ್ಲಿ ಈ ತಿಂಗಳು
ಮಧ್ಯಾಹ್ನ ಮೂರಕ್ಕೇ ಕತ್ತಲು.
ನದಿಯಲ್ಲಿ ಕಾಲೂರಿ ನಿಂತ ಮರದ ಉಗ್ರಾಣಗಳು
ಕೆಂಪು ಯಾವುದು, ಹಳದಿ ಯಾವುದು, ತಿಳಿಯದು.
ಮೂರನೇ ಮಹಡಿಯಲ್ಲಿ ನಾವಿನ್ನೂ ದೀಪ ಆರಿಸಿಲ್ಲ:
ನಾನು, ಫಿಲ್ಮೊನ್,
ಗೊರಕೆ ಹೊಡೆಯುವ ಫ್ರೀಜರುಗಳು,
ಮತ್ತು ನೀನು.

ಹನ್ನೊಂದು ತಿಂಗಳಿಂದ ನಿನ್ನ ಜೊತೆ ಜಗಳ ನನಗೆ.

ನೀನು ಬಹಳ ಹಳಬ.
ರಕ್ತ ಎಂಬುದು ಕೆಂಪಾಗುವ ಮೊದಲೇ
ಯಾವುದೋ ಕಡಲಿನ ಸ್ಪಂಜಿನೊಳಗೆ
ಕೆಲಸಕ್ಕೆ ಸೇರಿದವನು.
ಗುರುವಿಲ್ಲ, ಶಾಲೆಯಿಲ್ಲ,
ಕಳೆದ ಸಲ ಬಂದವನ ಮುಖ ನೆನಪಿಲ್ಲ.
ಗೊತ್ತಿರುವುದು ಒಂದೇ:
ಒಳಕೋಣೆಯಲ್ಲಿರಬೇಕಾದ ನೂಲು
ಅಂಗಳದಲ್ಲಿ ಬಿದ್ದದ್ದು ಕಂಡರೆ
ಕೂಗು.
ಊರಿಗೆ ಊರೇ ಏಳುವಂತೆ ಕೂಗು.

ನಾವು ತಂದದ್ದು ಕಳ್ಳಮಾಲಲ್ಲ ಮಾರಾಯ.
ಒಬ್ಬ ಹುಡುಗನಿಗೆ ಹುಟ್ಟುವಾಗಲೇ ಬಿಟ್ಟುಹೋದ
ಒಂದು ಸಾಲು, ಅಷ್ಟೆ.
ಆದರೆ ತಂದದ್ದು ವೈರಸ್ಸಿನ ಅಂಗಿ ತೊಡಿಸಿ.
ಗೋಡೆಯ ಸಂದುಗಳು ಅದಕ್ಕೆ ಮಾತ್ರ ಗೊತ್ತು.
ಹಲ್ಲು ಕಿತ್ತ ಹಾವು ಎಂದು ನಾನು ಹೇಳಬಲ್ಲೆ;
ನೀನು ಅಂಗಿ ನೋಡುತ್ತೀಯ,
ಓಲೆ ಓದುವುದಿಲ್ಲ.

ಹುಡುಗ ಯಾರೆಂದು ನಮಗೂ ಹೇಳುವುದಿಲ್ಲ.
ಕೊಳವೆಯ ಮೇಲೆ ಅಳಿಸದ ಶಾಯಿಯಲ್ಲಿ: ಹದಿನೇಳು.
ಒಮ್ಮೆ ಮಾತ್ರ ರಕ್ತ ತಂದ ದಾದಿ ಬಾಯಿತಪ್ಪಿ ಅಂದಳು,
'ಇವತ್ತು ಸೂಜಿಗೆ ಅಳಲಿಲ್ಲ,
ಹಲ್ಲು ಅಲುಗಾಡುತ್ತಿದೆಯಂತೆ, ಎಲ್ಲರಿಗೂ ತೋರಿಸುತ್ತಿದ್ದ.'
ಅಂದಿನಿಂದ ಹದಿನೇಳನೆಯ ತಟ್ಟೆಯನ್ನು
ಎರಡೂ ಕೈಯಲ್ಲಿ ಹಿಡಿಯುತ್ತೇನೆ.

ಮಾರ್ಚಿನಲ್ಲಿ ನಿನಗೆ ನಿದ್ದೆಮದ್ದು ಹಾಕಿದೆವು.
ಫಿಲ್ಮೊನ್ ಅಳೆದ ಚಿಟಿಕೆ ಹಳದಿ ಪುಡಿ.
ಕೂಗಿದಾಗಲೆಲ್ಲ ಹೊತ್ತಿಕೊಳ್ಳುವ ಹಸಿರು
ಆ ರಾತ್ರಿ ಹೊತ್ತಲೇ ಇಲ್ಲ.
ಶುಕ್ರವಾರದ ವಾಫಲ್ ಮೇಲೆ
ಕಂದು ಚೀಸು ಎರಡೆರಡು ಪದರ;
ನಗುವುದೇ ಗೊತ್ತಿಲ್ಲದ ಪ್ರೊಫೆಸರ್ ತೋರ್‌ಗೈರ್
ಮೂರು ತಿಂದರು.

ಬುಧವಾರ ಮುಚ್ಚಳ ತೆಗೆದರೆ
ತಟ್ಟೆಯ ತುಂಬ ತೇಲುವ ಹೆಣ.
ಯಾವುದೋ ಸಾಮಾನ್ಯ ವೈರಸ್ಸು, ಹರಕುಮುರುಕಿನದು,
ತೆರೆದ ಬಾಗಿಲಲ್ಲಿ ನುಗ್ಗಿ ಎಲ್ಲ ಮುಗಿಸಿತ್ತು.
ಪಕ್ಕದ ತಟ್ಟೆಗೂ ಅದೇ ಗಾಳಿ, ಅದೇ ಕೈ;
ಅಲ್ಲಿ ನೀನು ಎಚ್ಚರವಿದ್ದೆ, ಒಂದೂ ಸತ್ತಿರಲಿಲ್ಲ.
ಎಲ್ಲಿಂದ ಬಂತೆಂದು ಯಾರೂ ಕೇಳಲಿಲ್ಲ.
ಆ ವಾರ ನನ್ನ ತುಟಿಯಂಚಿನಲ್ಲಿ
ಹುಣ್ಣೊಂದು ಎದ್ದಿತ್ತು.

ನಿನ್ನನ್ನು ಹೊಗಳುತ್ತಿಲ್ಲ.
ಕೆಳಮಹಡಿಯ ಇಂಗುನ್ ನೋಡಿಕೊಳ್ಳುವ ಮಕ್ಕಳಲ್ಲಿ
ನೀನು ಮನೆಯವರ ಮೇಲೇ ಕೂಗುತ್ತೀಯ,
ಬೇಲಿಯೇ ಎದ್ದು ಹೊಲ ಮೇಯುತ್ತದೆ.
ಅದೂ ಗೊತ್ತು.
ಆದರೂ ಆ ಬುಧವಾರದಿಂದ
ನಿನ್ನನ್ನು ಮಲಗಿಸುವ ಯೋಚನೆ ಬಿಟ್ಟೆ.

ಈಗ ಓಲೆಯನ್ನೇ ತಿದ್ದುತ್ತಿದ್ದೇವೆ.
ನಿನ್ನನ್ನು ಕೆರಳಿಸುವ ಜೋಡಿ ಅಕ್ಷರಗಳನ್ನು
ಅಕ್ಕಿಯ ಕಲ್ಲಿನಂತೆ ಒಂದೊಂದಾಗಿ ಆರಿಸಿ
ಅರ್ಥ ಕೆಡದ ಹಾಗೆ ಬೇರೆ ಅಕ್ಷರ.
ನೀರು ಎಂಬಲ್ಲಿ ಜಲ ಎಂದಂತೆ;
ಕುಡಿಯುವವನಿಗೆ ದಾಹ ಹೋದರಾಯಿತು.
ನಾಲ್ಕೇ ಅಕ್ಷರದ ಭಾಷೆ. ಮೂರು ವಾರ ಬೇಕಾಯಿತು,
ಕಣ್ಣು ಮುಚ್ಚಿದರೂ ಕಾಗುಣಿತ.

ಇವತ್ತು ಹಸಿರು ಒಮ್ಮೆ ಮಿಣುಕಿತು.
ಕೆಮ್ಮಿದೆ ನೀನು, ಕೂಗಲಿಲ್ಲ.
ನೂರರಲ್ಲಿ ಮೂವತ್ತು ಕೋಶಗಳು
ಆ ಸಾಲನ್ನು ಒಳಗಿಟ್ಟುಕೊಂಡಿವೆ, ಇಷ್ಟು ಹೊತ್ತಿನವರೆಗೆ.
ಫಿಲ್ಮೊನ್ ಕೋಟು ಹಾಕಿಕೊಳ್ಳುತ್ತಾ,
'ಬೆಳಿಗ್ಗೆ ಆರಕ್ಕೆ ನೋಡೋಣ, ಈಗಲೇ ಹೇಳಬೇಡ' ಅಂದ.
ಯಾರಿಗೆ ಹೇಳಲಿ?
ಆ ಹಲ್ಲು ಇಷ್ಟರಲ್ಲಿ ಬಿದ್ದಿರಬೇಕು.

ಕೆಳಗೆ ಬಾಗಿಲಲ್ಲಿ ಓಡ್‌ವರ್,
ಒಂಬತ್ತು ವರ್ಷದಿಂದ ನನ್ನನ್ನು ಬಲ್ಲವನು,
ಇವತ್ತೂ ಕಾರ್ಡು ಕೇಳಿದ.
ದಿನಾ ಗೊಣಗುವವಳು
ಕೈಗವಸು ಕಳಚಿ, ಚೀಲವೆಲ್ಲ ತಡಕಿ, ತೋರಿಸಿದೆ.
ಫೋಟೋ ನೋಡಿದ.
ಮುಖ ನೋಡಿದ.
ಮತ್ತೊಮ್ಮೆ ಫೋಟೋ ನೋಡಿದ.